ಹಾಸಿಗೆ ಹೊರುವ ಕೈಗಳು

ಪಾರ್ಶ್ವವಾಯು ಪೀಡಿತರ ಮನೆಗೆ ಹೋಗಿ, "ಎಲ್ಲವೂ ದೇವರ ಚಿತ್ತ" ಎಂದು ನುಡಿದು ಹಿಂದಿರುಗುವುದನ್ನು ನಾವು ಸಾಂತ್ವನವೆಂದು ಕರೆಯುತ್ತೇವೆ. ನುಣುಚಿಕೊಳ್ಳುವಿಕೆ ಎಂಬುದೇ ಅದರ ನಿಜವಾದ ಹೆಸರು. ಹಾಸಿಗೆಹುಣ್ಣು ಆಗದಂತೆ ರೋಗಿಯನ್ನು ಎರಡು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ಮಗ್ಗುಲು ಬದಲಿಸಿ ಮಲಗಿಸಬೇಕು. ನುಂಗಲು ಕಷ್ಟಪಡುವವರಿಗೆ ಎಚ್ಚರದಿಂದ ಉಣಿಸಬೇಕು. ಮಾತು ಕಳೆದುಕೊಂಡವರ ಕಣ್ಣುಗಳನ್ನು ಓದಬೇಕು. ತಿಂಗಳುಗಟ್ಟಲೆ ಇದನ್ನೆಲ್ಲ ಪತ್ನಿಯೋ ಸೊಸೆಯೋ ಒಬ್ಬಳೇ ಮಾಡುತ್ತಾಳೆ. ನಾವು ಅವಳ ತಾಳ್ಮೆಯನ್ನು ಹೊಗಳುತ್ತೇವೆ. ಹೊಗಳಿಕೆಯಿಂದ ಅವಳಿಗೆ ಒಂದು ರಾತ್ರಿಯ ನಿದ್ರೆಯಾದರೂ ದೊರೆತೀತೇ?

ಕಫೆರ್ನವುಮ್ ಪಟ್ಟಣದಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಬಳಿಗೆ ಹೊತ್ತು ತಂದವರು ನಾಲ್ವರು. ಜನಸಂದಣಿ ಅಡ್ಡವಾದಾಗ ಅವರು ಛಾವಣಿಯನ್ನೇ ತೆರೆದರು. ಆ ಕೈಗಳಲ್ಲೇ ಪ್ರಭು ಅವರ ವಿಶ್ವಾಸವನ್ನು ಕಂಡರು.

ಪ್ರಿಯ ಓದುಗರೇ, ನಿಮ್ಮ ಪ್ರಾರ್ಥನೆ ನಿಲ್ಲದಿರಲಿ. ಜೊತೆಗೆ, ಈ ವಾರ ನೆರೆಮನೆಯ ರೋಗಿಯ ಒಂದು ರಾತ್ರಿಯ ಆರೈಕೆಯೂ ನಿಮ್ಮದಾಗಲಿ.