ಗೂಬೆ ಓಡಿಸೋ ಮುಂಚೆ ಪುಸ್ತಕ ತೆಗೀರಿ, ಡಿಎಂ ಸಾರ್! (ಭಾಗ 4)

ಲಷ್ಕರ್ ಮೊಹಲ್ಲಾದ ನಮ್ಮ ಮಹಡಿ ರೂಮಲ್ಲಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಮೊನ್ನೆ ಹೊಸದಾಗಿ ಬಂದ ಹುಡುಗಿಯ ಗೂಬೆಯನ್ನ ನಮ್ಮ ಡಿಎಂ, ಶತ್ರು ಮಾಂತ್ರಿಕನ ಕೈಲಿ 'ಡಿಸ್ಪೆಲ್ ಮ್ಯಾಜಿಕ್' ಹಾಕಿಸಿ ಮಾಯ ಮಾಡಿಬಿಟ್ರು. ಅವಳು ಮುಂದಿನ ವಾರ ಬರಲೇ ಇಲ್ಲ.

ನೀವೂ ಆಟ ನಡೆಸೋರಾದ್ರೆ ಕೇಳಿ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ 'ಫೈಂಡ್ ಫೆಮಿಲಿಯರ್' ಮಂತ್ರದ ಅವಧಿ ಕ್ಷಣಮಾತ್ರ. ಒಂದು ಗಂಟೆ ಕೂತು, 10 ಚಿನ್ನದ ನಾಣ್ಯದಷ್ಟು ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟು ಆತ್ಮವನ್ನ ಕರೆದಾಯ್ತು, ಮಂತ್ರ ಅಲ್ಲಿಗೆ ಮುಗೀತು. ಮುಗಿದಿದ್ದನ್ನ ಏನಂತ ಬಿಡಿಸ್ತೀರಾ? ಅನ್ನ ಬೆಂದ ಮೇಲೆ ಒಲೆ ಆರಿಸಿದ್ರೆ ಮತ್ತೆ ಅಕ್ಕಿ ಆಗುತ್ತಾ?

ಓಡಿಸ್ಲೇಬೇಕಾ? 'ಬ್ಯಾನಿಶ್‌ಮೆಂಟ್' ಇದೆ. ನಾಲ್ಕನೇ ಲೆವೆಲ್ ಸ್ಲಾಟ್ ಖರ್ಚು ಮಾಡಿ, ಗೂಬೆಗೆ ಕರಿಸ್ಮಾ ಸೇವ್ ಕೊಡಿ, ಪೂರ್ತಿ ಒಂದು ನಿಮಿಷ ಏಕಾಗ್ರತೆ ಹಿಡ್ಕೊಳ್ಳಿ. ಅಷ್ಟರಲ್ಲಿ ನಾವು ನಿಮ್ಮ ಮಾಂತ್ರಿಕನಿಗೆ ನಾಲ್ಕು ಬಾರಿಸ್ತೀವಿ (ಅದಕ್ಕೇ ಅಲ್ವಾ ಬರೋದು). ಇಲ್ಲಾಂದ್ರೆ ಹೊಡೆದು ಸೊನ್ನೆಗೆ ಇಳಿಸಿ. ಮಾಯ ಆಗುತ್ತೆ, ಇನ್ನೊಂದ್ಸಲ ಧೂಪ ಹಾಕಿದ್ರೆ ವಾಪಸ್. ಶಾಶ್ವತವಾಗಿ ಕಳಿಸಿಬಿಡೋ ಮಾತು ಆ ಮಂತ್ರದಲ್ಲಿ ಬರೆದಿರೋದು ಕರೆದವಳ ಹೆಸರಿಗೆ, ನಿಮ್ಮ ಹೆಸರಿಗಲ್ಲ.

ಆ ಹುಡುಗಿಗೆ ಮೆಸೇಜ್ ಹಾಕಿದೀನಿ: ಭಾನುವಾರ ಬಾಮ್ಮಾ, ಗೂಬೆನೂ ಕರ್ಕೊಂಡು ಬಾ. ಡಿಎಂ ಸಾರ್, ನಿಮ್ಮನ್ನೂ ಟ್ಯಾಗ್ ಮಾಡಿದೀನಿ.