ಕೊಟ್ಟ ರಕ್ತ ಕೆಡದಿರಲಿ

ರಕ್ತದಾನವನ್ನು ಕುರಿತು ನಮ್ಮ ಮನೆಗಳಲ್ಲಿ ಎರಡು ಭಾವನೆಗಳು ಬೇರೂರಿವೆ. ರಕ್ತ ಕೊಟ್ಟೊಡನೆ ದಾನ ಪೂರ್ಣವಾಯಿತೆಂಬುದು ಒಂದು. ಸಂಗ್ರಹಿಸಿಟ್ಟ ರಕ್ತ ಹಳಸಿದ್ದು, ಆಗತಾನೆ ತೆಗೆದ ಬಿಸಿ ರಕ್ತವೇ ರೋಗಿಗೆ ಶ್ರೇಷ್ಠವೆಂಬುದು ಇನ್ನೊಂದು. ಎರಡೂ ವಿಚಾರಿಸಿ ನೋಡತಕ್ಕವು.

ದೇಹದಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುವುದು ಅದರ ಸಹಜ ಗುಣ. ಆದ್ದರಿಂದ ಹಿಂದೆ ದಾನಿಯನ್ನೂ ರೋಗಿಯನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ ರಕ್ತ ಹಾಯಿಸಬೇಕಾಗುತ್ತಿತ್ತು. 1914ರಲ್ಲಿ ಬೆಲ್ಜಿಯಂ ದೇಶದ ವೈದ್ಯ ಆಲ್ಬರ್ಟ್ ಹುಸ್ಟಿನ್ ಅವರು ಸಿಟ್ರೇಟ್ ಎಂಬ ಲವಣವನ್ನು ಬೆರೆಸಿ ಈ ತೊಡಕನ್ನು ನಿವಾರಿಸಿದರು. 1916ರಲ್ಲಿ ಅಮೆರಿಕೆಯ ರೌಸ್ ಮತ್ತು ಟರ್ನರ್ ಅದಕ್ಕೆ ಗ್ಲೂಕೋಸನ್ನು ಸೇರಿಸಿ ರಕ್ತಕಣಗಳ ಆಯುಷ್ಯವನ್ನು ಹೆಚ್ಚಿಸಿದರು. 1937ರಲ್ಲಿ ಶಿಕಾಗೊ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಅವರು ತೆರೆದ ಸಂಗ್ರಹಾಲಯಕ್ಕೆ 'ಬ್ಲಡ್ ಬ್ಯಾಂಕ್' ಎಂಬ ಹೆಸರನ್ನಿತ್ತರು. ಅದನ್ನೇ ನಾವು ರಕ್ತನಿಧಿಯೆನ್ನುತ್ತೇವೆ.

ಇಂದಿನ ರಕ್ತಚೀಲದಲ್ಲಿರುವ ದ್ರಾವಣದಲ್ಲಿ ಸಿಟ್ರೇಟ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಗ್ಲೂಕೋಸ್ ಕಣಗಳಿಗೆ ಆಹಾರವಾಗುತ್ತದೆ. ಅಡೆನಿನ್ ಅವುಗಳ ಶಕ್ತಿಯನ್ನು ಕಾಯುತ್ತದೆ. 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಂತಹ ರಕ್ತ 35 ದಿನ ಉಳಿಯುತ್ತದೆ. ಕೆಂಪುಕಣಗಳನ್ನು ಬೇರ್ಪಡಿಸಿ ಹೆಚ್ಚಿನ ಪೋಷಕ ದ್ರಾವಣ ಬೆರೆಸಿದರೆ 42 ದಿನ. ಹಾಗಿದ್ದರೂ ಕಣಗಳಿಗೆ ಮುಪ್ಪು ತಪ್ಪದು: ಪೊಟ್ಯಾಸಿಯಂ ಸೋರುತ್ತದೆ, ಆಕಾರ ಬದಲಾಗುತ್ತದೆ, ಕೆಲವು ಕಣಗಳು ಒಡೆಯುತ್ತವೆ. ರೋಗಿಗೆ ಕೊಟ್ಟ 24 ಗಂಟೆಗಳ ತರುವಾಯವೂ ನೂರಕ್ಕೆ 75 ಕಣಗಳಾದರೂ ಬದುಕಿರಬೇಕೆಂಬ ಅಳತೆಯಿಂದ ಈ ಅವಧಿಯನ್ನು ಗೊತ್ತುಪಡಿಸಲಾಗಿದೆ. ಹೊಸ ರಕ್ತವನ್ನೂ ಹೆಚ್ಚು ದಿನ ಇಟ್ಟ ರಕ್ತವನ್ನೂ ಹೋಲಿಸಿ 2015 ಮತ್ತು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ರೋಗಿಗಳು ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯ ಇವುಗಳ ಪರೀಕ್ಷೆಗೆ ಕಾಲಾವಕಾಶ ಬೇಕೆಂಬುದನ್ನೂ ಮರೆಯಲಾಗದು. ಆದ್ದರಿಂದ ಬಿಸಿ ರಕ್ತವೇ ಬೇಕೆಂದು ವೈದ್ಯರೊಡನೆ ವಾದಿಸುವುದು ಉಚಿತವಲ್ಲ.

ಕೆಡಿಸುವುದು ಹೆಚ್ಚಾಗಿ ನಮ್ಮ ಅಜಾಗರೂಕತೆ. ರಕ್ತನಿಧಿಯಿಂದ ಚೀಲವನ್ನು ತರುವ ಹೊಣೆ ಅನೇಕ ವೇಳೆ ರೋಗಿಯ ಬಂಧುಗಳ ಮೇಲೆ ಬೀಳುತ್ತದೆ. ಆಗ ಅದನ್ನು ರಕ್ತನಿಧಿಯವರು ಹೇಳಿದ ತಂಪುಪೆಟ್ಟಿಗೆಯಲ್ಲಿಯೇ ತಂದು ನೇರವಾಗಿ ಆಸ್ಪತ್ರೆಗೆ ಒಪ್ಪಿಸಬೇಕು. ಮಂಜುಗಡ್ಡೆಗೆ ತಾಗಿಸಬಾರದು; ಮನೆಯ ಫ್ರಿಜ್ಜಿನಲ್ಲಿಡಬಾರದು; ಬಿಸಿಲಿಗೆ ಹಿಡಿಯುವುದಾಗಲಿ ಬಿಸಿನೀರಿನಲ್ಲಿ ಅದ್ದುವುದಾಗಲಿ ಕೂಡದು. ಹೆಪ್ಪುಗಟ್ಟುವ ಚಳಿಗೂ ಅತಿಯಾದ ಶಾಖಕ್ಕೂ ಕೆಂಪುಕಣಗಳು ಒಡೆಯುತ್ತವೆ. ಅಂತಹ ರಕ್ತ ರೋಗಿಯ ಮೂತ್ರಪಿಂಡಗಳಿಗೆ ಅಪಾಯಕಾರಿ. ತಂಪಿನಿಂದ ಹೊರತೆಗೆದ 30 ನಿಮಿಷಗಳೊಳಗೆ ಕೊಡಲು ಆರಂಭಿಸಿ 4 ಗಂಟೆಗಳೊಳಗೆ ಮುಗಿಸಬೇಕೆಂಬುದು ನಿಯಮ.

ಇನ್ನು ದಾನಿಗಳ ಮಾತು. ಜಯಂತಿ, ಜಾತ್ರೆ, ಪುಣ್ಯಸ್ಮರಣೆಗಳಂದು ನೂರಾರು ಜನ ಒಟ್ಟಿಗೆ ರಕ್ತ ಕೊಡುವುದು ಸ್ತುತ್ಯವೇ. ಆದರೆ ಒಂದೇ ದಿನ ತುಂಬಿದ ಚೀಲಗಳ ಅವಧಿಯೂ ಒಟ್ಟಿಗೆ ಮುಗಿಯುತ್ತದೆ. ಪ್ಲೇಟ್‌ಲೆಟ್‌ಗಳಂತೂ 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಿದ್ದರೂ ಸಾಮಾನ್ಯವಾಗಿ 5 ದಿನ ಮಾತ್ರ ಬಾಳುತ್ತವೆ. ಬೇಸಗೆಯ ಜಾತ್ರೆಯಲ್ಲಿ ಕೊಟ್ಟದ್ದು ಮಳೆಗಾಲದ ಡೆಂಗಿ ರೋಗಿಗೆ ಒದಗುವುದೆಂತು?

ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಒಂದೂರಿನ ನಲವತ್ತು ಮಂದಿ ಆರೋಗ್ಯವಂತರು ಒಂದೇ ದಿನ ಸಾಲುಗಟ್ಟುವ ಬದಲು, ಸಮೀಪದ ರಕ್ತನಿಧಿಯವರನ್ನು ಕೇಳಿ, ವಾರಕ್ಕೆ ಮೂವರು ನಾಲ್ವರಂತೆ ಸರದಿ ಮಾಡಿಕೊಂಡರೆ ಮೂರು ತಿಂಗಳೂ ಹೊಸ ಚೀಲಗಳು ತಪ್ಪದೆ ದೊರೆಯುವುವು. ದಾನದ ಸಾರ್ಥಕ್ಯ ಚೀಲ ತುಂಬಿದಾಗಲ್ಲ, ರೋಗಿಯ ನಾಳದಲ್ಲಿ ಅದು ಕೆಡದೆ ಹರಿದಾಗ. ಮುಂದಿನ ಶಿಬಿರದ ದಿನವನ್ನು ಗೊತ್ತುಮಾಡುವ ಮೊದಲು ವಾಚಕರು ಈ ಸರದಿಯ ವಿಚಾರವನ್ನು ತಮ್ಮ ಊರಿನ ಹಿರಿಯರ ಮುಂದಿಡಲಿ.