ಮುದ್ದೆ ಉಂಡ ಹೊಟ್ಟೆಗೆ ಬ್ರೆಡ್ಡಿನ ಅಳತೆ

ನಮ್ಮಲ್ಲಿ ಹೊಟ್ಟೆಯ ಎಲ್ಲ ತಾಪತ್ರಯಕ್ಕೂ ಒಂದೇ ಹೆಸರು, 'ಗ್ಯಾಸ್ಟ್ರಿಕ್ಕು'. ಎದೆ ಉರಿದ್ರೂ ಅದೇ, ಎರಡು ತುತ್ತಿಗೇ ಹೊಟ್ಟೆ ತುಂಬಿದ್ರೂ ಅದೇ, ಉಂಡು ನಾಲ್ಕು ಗಂಟೆ ಆದ್ಮೇಲೂ ಕಲ್ಲಿಟ್ಟ ಹಾಗಿದ್ರೂ ಅದೇ. ಔಷಧಿಯೂ ಒಂದೇ: ಪ್ಯಾಂಟೊಪ್ರಜೋಲ್ ಜೊತೆ ಡೋಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲು. ಬೆಂಗಳೂರಿನ ನಮ್ಮಂಥ ಸಾಫ್ಟ್‌ವೇರ್ ಮಂದಿಯಿಂದ ಹಿಡಿದು ಬೈಲಕುಪ್ಪೆಯ ಮುಸುಕಿನ ಜೋಳದ ಹೊಲದವರೆಗೂ ಇದೇ ಕಥೆ.

ಡೋಂಪೆರಿಡೋನ್ ಕೆಲಸ ಜಠರವನ್ನ ಬೇಗ ಖಾಲಿ ಮಾಡಿಸೋದು. ಸರಿ, ಆದ್ರೆ ಈ ಹೊಟ್ಟೆ ನಿಧಾನ ಅಂತ ಅಳೆದವರು ಯಾರು ಸ್ವಾಮೀ? ಹೃದಯದ ಬಡಿತ ಏರುಪೇರಾಗುತ್ತೆ ಅಂತ ಯೂರೋಪಿನ ಔಷಧ ನಿಯಂತ್ರಕರು 2014ರಲ್ಲೇ ಇದನ್ನ ವಾಕರಿಕೆ, ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರಕ್ಕೆ ಮಾತ್ರ ಸೀಮಿತ ಮಾಡಿದ್ರು. ನಮ್ಮಲ್ಲಿ ವರ್ಷಗಟ್ಟಲೆ ನುಂಗೋರಿದ್ದಾರೆ.

ಹಾಗಾದ್ರೆ ಎಲ್ಲರಿಗೂ ಅಳತೆ ಮಾಡಿಸೋಣ ಅಂತೀರಾ? ಅಳೀದೇ ಆಪ್ಟಿಮೈಜ್ ಮಾಡೋರನ್ನ ಕಂಡ್ರೆ ನನಗೂ ಮೈ ಉರಿಯುತ್ತೆ :-) ಆದ್ರೆ ಅಳತೆಗೋಲನ್ನೂ ಸ್ವಲ್ಪ ನೋಡಿ. 2008ರಲ್ಲಿ ಅಮೆರಿಕದ ತಜ್ಞರು ಒಪ್ಪಿಕೊಂಡ ಊಟ ಇದು: ವಿಕಿರಣಶೀಲ ಟೆಕ್ನೀಷಿಯಂ ಬೆರೆಸಿದ ಮೊಟ್ಟೆಯ ಬಿಳಿ, ಎರಡು ಸ್ಲೈಸ್ ಬ್ರೆಡ್, ಜಾಮ್, 120 ಎಂ.ಎಲ್. ನೀರು. ಒಟ್ಟು ಸುಮಾರು 255 ಕ್ಯಾಲೊರಿ. ಆಮೇಲೆ ನಾಲ್ಕು ಗಂಟೆ ಗಾಮಾ ಕ್ಯಾಮೆರಾ ಮುಂದೆ ಹೋಗಿ ಬಂದು ನಿಲ್ಲಬೇಕು. ಕೊನೆಗೆ ಶೇ. 10ಕ್ಕಿಂತ ಹೆಚ್ಚು ಉಳಿದಿದ್ರೆ 'ನಿಧಾನ'.

ಇದನ್ನೀಗ ಬೈಲಕುಪ್ಪೆಗೆ ತನ್ನಿ. 1960ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ನೆಲೆಯಾದ ಟಿಬೆಟಿಯನ್ನರದು ತ್ಸಂಪಾ, ಥುಕ್ಪಾ, ಬೆಣ್ಣೆ ಚಹಾ. ಪಕ್ಕದ ಪಿರಿಯಾಪಟ್ಟಣದ ರೈತನದು ರಾಗಿಮುದ್ದೆ, ಉಪ್ಪೆಸರು. ಬ್ರೆಡ್-ಜಾಮ್ ತಿಂದು ಹೊಟ್ಟೆ ಭಾರ ಅಂದವರಲ್ಲ ಇವರು! ಕೊಬ್ಬು ಜಠರವನ್ನ ನಿಧಾನ ಮಾಡುತ್ತೆ. ಬೆಣ್ಣೆ ಚಹಾ ಕುಡಿಯೋರ ತೊಂದರೆಯನ್ನ ಕೊಬ್ಬೇ ಇಲ್ಲ ಅನ್ನಬಹುದಾದ ಊಟದಲ್ಲಿ ಹುಡುಕೋದು ಯಾವ ಸೀಮೆ ಟೆಸ್ಟಿಂಗು? ಸುಮ್ಮನೆ ಊಟ ಬದಲಿಸಿದ್ರೂ ಆಗಲ್ಲ, ಆ ಊಟವನ್ನ ಆರೋಗ್ಯವಂತರಿಗೆ ಕೊಟ್ಟು ನಾರ್ಮಲ್ ಎಷ್ಟು ಅಂತ ಮೊದಲು ಗೊತ್ತು ಮಾಡ್ಕೋಬೇಕು. ಕೊಚ್ಚಿಯ ವೈದ್ಯರು ಗೋಧಿ, ಮೊಟ್ಟೆ, ಹಾಲು ಇಲ್ಲದ ಊಟಕ್ಕೆ ಹಾಗೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಆಹಾರ ಸಂಶೋಧನೆಗೇ ಅಂತ ಸಿ.ಎಫ್.ಟಿ.ಆರ್.ಐ. ಇರೋ ಮೈಸೂರಲ್ಲಿ ಮುದ್ದೆಗೂ ತ್ಸಂಪಾಗೂ ಅದು ಆಗಬಾರದಾ?

ಆದ್ರೂ ಆ ನಂಬರಿಗೆ ಕೈ ಮುಗಿದು ಕೂರಬೇಡಿ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 'ನಿಧಾನ' ಅನ್ನಿಸಿಕೊಂಡವರ ಪೈಕಿ ಶೇ. 42 ಮಂದಿ 48 ವಾರದ ನಂತರ ಅದೇ ಪರೀಕ್ಷೆಯಲ್ಲಿ ನಾರ್ಮಲ್. ನಾರ್ಮಲ್ ಇದ್ದವರಲ್ಲಿ ಶೇ. 37 ಮಂದಿ ನಿಧಾನ!

ಅದಕ್ಕಿಂತ ಮೊದಲು ನೋಡಬೇಕಾದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ. 1994ರಲ್ಲೇ ಕ್ಯಾನ್ಸರ್‌ಕಾರಕ ಅನ್ನಿಸಿಕೊಂಡ ಬ್ಯಾಕ್ಟೀರಿಯಾ ಅದು. ಉಸಿರು ಅಥವಾ ಮಲ ಪರೀಕ್ಷೆಯಲ್ಲೇ ಗೊತ್ತಾಗುತ್ತೆ, ಗಾಮಾ ಕ್ಯಾಮೆರಾ ಬೇಕಿಲ್ಲ. ವಯಸ್ಸಾದವರಿಗೆ, ತೂಕ ಇಳೀತಾ ಇರೋರಿಗೆ ನೇರವಾಗಿ ಎಂಡೋಸ್ಕೋಪಿ ಮಾಡಿಸಿ. ಚೀಟಿ ಇಲ್ದೇ ಅಂಗಡೀಲಿ ಸಿಗೋ ಕ್ಯಾಪ್ಸೂಲು ಉರಿಯನ್ನ ಮುಚ್ಚಿಟ್ಟು ಕೂತ್ರೆ, ಒಳಗಿರೋ ಹುಣ್ಣೋ ಗಡ್ಡೆಯೋ ಗೊತ್ತಾಗೋದು ತೀರಾ ತಡವಾಗಿ.